ಮಣ್ಣೆತ್ತೂ ಮಕ್ಕಳ ಪರಚಿತ್ತಜ್ಞಾನವೂ

(ದೇವಣಗಾಂವದ ಭಕ್ತಸಭೆಯಲ್ಲಿ ಓದಿದ ಉಪನ್ಯಾಸ)



ಜ್ಯೇಷ್ಠ ಬಹುಳ ಅಮಾವಾಸ್ಯೆಯ ದಿನ ಭೀಮಾತೀರದ ಈ ದೇವಣಗಾಂವದಲ್ಲಿಯೂ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಊರೂರುಗಳಲ್ಲಿಯೂ ಮಣ್ಣಿನ ಎತ್ತುಗಳ ಪೂಜೆಯಾಗುವದು ಸರ್ವರಿಗೂ ತಿಳಿದ ಸಂಗತಿಯು. ಹದಿನೈದು ದಿವಸ ಮೊದಲು ಕಾರಹುಣ್ಣಿವೆಯಲ್ಲಿ ನಿಜವಾದ ಎತ್ತುಗಳ ಮೈತೊಳೆದು, ಕೋಡುಗಳಿಗೆ ಬಣ್ಣ ಹಚ್ಚಿ ಓಡಿಸಿದ್ದಾಗಿರುತ್ತದೆ. ಅಮಾವಾಸ್ಯೆಯ ಹಬ್ಬವಾದರೋ ವಿಶೇಷವಾಗಿ ಹುಡುಗರದು. ಅವರು ಎರೆಮಣ್ಣನ್ನು ಕಲಸಿ ಜೋಡಿ ಎತ್ತು ಮಾಡುತ್ತಾರೆ. ಎತ್ತಿನ ಮುಂದೆ ಮಣ್ಣಿನದೇ ಗ್ವಾದಲಿ ಕಟ್ಟಿ ಮೇವಿಡುತ್ತಾರೆ. "ಬಸವಣ್ಣ" ಎಂದು ಕರೆದು ಕೈಮುಗಿಯುತ್ತಾರೆ. ಮರುದಿವಸ ಹಲವು ಊರುಗಳಲ್ಲಿ ಹುಡುಗರ ಗುಂಪು ಮನೆಮನೆಗೆ ಹೋಗಿ, ತಮ್ಮ ಎತ್ತುಗಳಲ್ಲಿ ಒಂದಕ್ಕೆ ಕುಂಟು ಬಂದಿದೆಯೆಂದು ಹಾಡಿ ಕಾಳು ಬೇಡುವ ರೂಢಿಯೂ ಉಂಟು. ಮನೆಯಾಕೆ ಹೊರಗೆ ಬಂದು, "ಅಯ್ಯ, ಯಾವಾಗ ಕುಂಟಾತೋ ಯಪ್ಪಾ? ಔಷಧ ಹಾಕ್ಸೀರಿಲ್ಲೋ?" ಎಂದು ಕೇಳಿ, ಒಂದು ಬೊಗಸೆ ಜೋಳ ನೀಡುತ್ತಾಳೆ. ಹುಡುಗರು ಮುಖ ಸಣ್ಣದು ಮಾಡಿಕೊಂಡೇ ಕಾಳು ಹಾಕಿಸಿಕೊಂಡು ಮುಂದಿನ ಮನೆಗೆ ಓಡುತ್ತಾರೆ.

ಈ ವ್ಯವಹಾರವನ್ನು ಸ್ವಲ್ಪ ನಿಂತು ವಿಚಾರಿಸಿ ನೋಡತಕ್ಕದ್ದು. ಎತ್ತು ಮಣ್ಣಿನದೆಂದು ಹುಡುಗನಿಗೆ ಗೊತ್ತಿಲ್ಲವೇ? ಚನ್ನಾಗಿ ಗೊತ್ತಿದೆ. ನಾಲ್ಕು ಹನಿ ಮಳೆ ಬಿದ್ದರೆ ಹಕ್ಕಿಯಲ್ಲಿಯ ಎತ್ತಿನ ಗೊಡವೆಗೆ ಹೋಗದೆ, ಕೈಯಲ್ಲಿಯ ಎತ್ತನ್ನು ಅಂಗಿಯಲ್ಲಿ ಮುಚ್ಚಿಕೊಂಡು ಮನೆಗೆ ಓಡುವವನು ಅವನೇ. ಯಾಕೆಂದರೆ ಇದು ಕರಗುವದು, ಅದು ಕರಗದು. ಮನೆಯಾಕೆಗೂ ಗೊತ್ತಿದೆ. ಆಕೆಗೆ ಗೊತ್ತಿದೆಯೆಂಬದು ಹುಡುಗನಿಗೂ ಗೊತ್ತಿದೆ. ಹೀಗಿದ್ದರೂ ಕುಂಟೆತ್ತಿನ ಮಾತು ನಡೆಯುತ್ತದೆ, ಮರುಕ ತೋರುತ್ತದೆ, ಜೋಳವು ನಿಜವಾಗಿಯೇ ಅಳೆಯಲ್ಪಡುತ್ತದೆ. ಇಲ್ಲಿ ಮೋಸಹೋದವರು ಯಾರೂ ಇಲ್ಲ, ಮೋಸ ಮಾಡಿದವರೂ ಇಲ್ಲ. ಒಬ್ಬರ ಮನಸ್ಸಿನಲ್ಲಿರುವದನ್ನು ಇನ್ನೊಬ್ಬರು ಬಲ್ಲರೆಂಬ ಭರವಸೆಯ ಮೇಲೆಯೇ ಈ ಆಟವೆಲ್ಲ ನಿಂತಿರುತ್ತದೆ.

ತರ್ಕಶಾಸ್ತ್ರವನ್ನೋದಿದವರಿಗೆ ಇದಕ್ಕೆ ಸರಿಯಾದ ಹೆಸರು ನೆನಪಾಗದಿರದು. ಹಗ್ಗವನ್ನು ಕಂಡು ಹಾವೆಂದು ಬೆದರುವದು ಭ್ರಮೆ. ಹಗ್ಗವೆಂಬ ಜ್ಞಾನವು ಹುಟ್ಟಿತೆಂದರೆ ಹಾವು ಹೋಯಿತು. ಅವೆರಡೂ ಕೂಡಿ ಇರಲಾರವು. ಆದರೆ ಇದು ಹಗ್ಗವೆಂದು ಬಲ್ಲವನೇ, ಆ ತಿಳಿವು ಇರುವಾಗಲೇ, ತನ್ನ ಇಚ್ಛೆಯಿಂದ ಅದನ್ನು ಹಾವೆಂದು ಭಾವಿಸಿದರೆ ಅದು ಭ್ರಮೆಯಲ್ಲ. ಅದಕ್ಕೆ ನವ್ಯನೈಯಾಯಿಕರು ಆಹಾರ್ಯಜ್ಞಾನವೆನ್ನುತ್ತಾರೆ. ಮುಖವನ್ನು ಚಂದ್ರನೆನ್ನುವ ಕವಿಯ ರೂಪಕವೂ ಇದೇ ಜಾತಿಯದೆಂದು ಆಲಂಕಾರಿಕರು ವಿವರಿಸಿದ್ದಾರೆ. ನಾಟಕದಲ್ಲಿ ನಟನನ್ನು ರಾಮನೆಂದು ತಿಳಿಯುವ ಪ್ರೇಕ್ಷಕನ ಜ್ಞಾನವು ಎಂಥದೆಂಬ ಚರ್ಚೆಯಲ್ಲಿ ಶ್ರೀಶಂಕುಕನು ಚಿತ್ರದಲ್ಲಿ ಬರೆದ ಕುದುರೆಯ ದೃಷ್ಟಾಂತವನ್ನು ತಂದನು. ಅದು ನಿಶ್ಚಯವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರಿಯ ಸಾದೃಶ್ಯವೂ ಅಲ್ಲವೆಂದನು. ಚಿತ್ರತುರಗನ್ಯಾಯವೆಂದು ಪಾಠಶಾಲೆಗಳಲ್ಲಿ ಇಂದಿಗೂ ಕಲಿಸುವದು ಇದನ್ನೇ. ಆ ಕಾಶ್ಮೀರದ ಪಂಡಿತನಿಗೆ ಚಿತ್ರದ ಕುದುರೆಯ ಬದಲು ಈ ಸೀಮೆಯ ಮಣ್ಣೆತ್ತು ಸಿಕ್ಕಿದ್ದರೆ ಇನ್ನೂ ಅನುಕೂಲವಾಗುತ್ತಿತ್ತು. ಕುದುರೆಯನ್ನು ನೋಡುವದಷ್ಟೇ ಉಂಟು, ಎತ್ತಿಗೆ ಮೇವು ಹಾಕುವದೂ ಉಂಟು.

ಪಶ್ಚಿಮ ದೇಶದ ಮನಶ್ಶಾಸ್ತ್ರಜ್ಞರು ಈ ಸಂಗತಿಯನ್ನು ಬೇರೆ ದಾರಿಯಿಂದ ಬಂದು ಮುಟ್ಟಿದರು. ಅಲನ್ ಲೆಸ್ಲಿ ಎಂಬ ವಿದ್ವಾಂಸನು 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಾಳೆಹಣ್ಣನ್ನು ಕಿವಿಗೆ ಹಿಡಿದು ಟೆಲಿಫೋನಿನಲ್ಲಿ ಮಾತಾಡುವಂತೆ ನಟಿಸುವ ತಾಯಿಯನ್ನು ಕಂಡು ಎರಡು ವರ್ಷದ ಕೂಸು ಗೊಂದಲಕ್ಕೀಡಾಗುವದಿಲ್ಲವೇಕೆಂದು ಕೇಳಿದನು. ಅದು ಬಾಳೆಹಣ್ಣಿಗೆ "ಟೆಲಿಫೋನು" ಎಂದೇ ಹೆಸರೆಂದು ಕಲಿತುಬಿಡಬೇಕಾಗಿತ್ತಲ್ಲವೇ? ಹಾಗಾಗುವದಿಲ್ಲ. ನಟನೆಯ ಅರ್ಥವನ್ನು ನಿಜವಾದ ತಿಳಿವಿನಿಂದ ಬಿಡಿಸಿ ಬೇರೆ ಇಡುವ ಶಕ್ತಿಯು ಆ ವಯಸ್ಸಿಗೇ ಮನಸ್ಸಿನಲ್ಲಿ ಮೂಡಿರುತ್ತದೆಂದು ಅವನ ಸಿದ್ಧಾಂತವು. ಅವನದೊಂದು ಪರೀಕ್ಷೆಯು ಬಹಳ ಸರಳವಾದದ್ದು. ಎರಡು ಬರಿದಾದ ಬಟ್ಟಲುಗಳಲ್ಲಿ ಚಹ ಸುರಿದಂತೆ ನಟಿಸುವದು, ಆಮೇಲೆ ಒಂದನ್ನು ಬೋರಲು ಹಾಕಿ ಎತ್ತಿಡುವದು, "ಯಾವ ಬಟ್ಟಲು ಬರಿದಾಗಿದೆ?" ಎಂದು ಕೂಸನ್ನು ಕೇಳುವದು. ನಿಜವಾಗಿ ಎರಡೂ ಬರಿದೇ. ಆದರೂ ಎರಡು ವರ್ಷದ ಕೂಸು ಬೋರಲು ಹಾಕಿದ್ದನ್ನೇ ತೋರಿಸುತ್ತದೆ. ಇಲ್ಲದ ಚಹ ಇಲ್ಲದ ಹಾಗೆಯೇ ಚೆಲ್ಲಿತು. ಚೆಲ್ಲಿದ್ದರ ಲೆಕ್ಕ ಮಾತ್ರ ತಪ್ಪಲಿಲ್ಲ!

ಇನ್ನು ಪರಚಿತ್ತಜ್ಞಾನದ ವಿಚಾರ. ಈ ಪದವು ಯೋಗಶಾಸ್ತ್ರದಲ್ಲಿ ಒಂದು ಸಿದ್ಧಿಯ ಹೆಸರು. ಸಂಯಮದಿಂದ ಯೋಗಿಯು ಪಡೆಯತಕ್ಕದ್ದು. ಇಲ್ಲಿ ಹೇಳುವದು ಅದನ್ನಲ್ಲ. ಅಡಿಗೆಮನೆಯಲ್ಲಿ ತಾಯಿಯ ಸೆರಗು ಹಿಡಿದು ತಿರುಗುವ ಪ್ರತಿಯೊಂದು ಕೂಸೂ ಸಂಪಾದಿಸುವ ಸಾಮಾನ್ಯ ಜ್ಞಾನವನ್ನು. ಎದುರಿಗಿರುವವರಿಗೂ ಒಂದು ಮನಸ್ಸುಂಟು, ಅದರಲ್ಲಿರುವದು ತನ್ನ ಮನಸ್ಸಿನಲ್ಲಿದ್ದದ್ದೇ ಆಗಿರಬೇಕಿಲ್ಲ ಎಂಬದೇ ಅದು. ಏಳನೆಯ ಶತಮಾನದ ಧರ್ಮಕೀರ್ತಿಯು ಅನ್ಯರ ಚಿತ್ತಸಂತಾನವುಂಟೆಂಬದನ್ನು ಸಾಧಿಸಲು ಒಂದು ಗ್ರಂಥವನ್ನೇ ಬರೆದನು. ತನ್ನಲ್ಲಿ ಮಾತಿಗೂ ಕ್ರಿಯೆಗೂ ಮೊದಲು ಇಚ್ಛೆಯಿರುವದನ್ನು ಕಂಡು, ಪರರ ಮಾತು ಕ್ರಿಯೆಗಳಿಂದ ಅವರ ಚಿತ್ತವನ್ನು ಅನುಮಾನಿಸುವದೆಂಬದೇ ಅವನ ಯುಕ್ತಿ. ಪಂಡಿತರಿಗೆ ಅಷ್ಟು ಕಷ್ಟವಾದದ್ದು ಮಕ್ಕಳಿಗೆ ಯಾವಾಗ ಬರುವದು?

ಇದಕ್ಕೆ ಉತ್ತರವನ್ನು 1983ರಲ್ಲಿ ಆಸ್ಟ್ರಿಯಾದ ವಿದ್ವಾಂಸರಾದ ಹೈನ್ಸ್ ವಿಮ್ಮರ್, ಯೋಸೆಫ್ ಪೆರ್ನರ್ ಎಂಬವರು ಒಂದು ಚಿಕ್ಕ ಕಥೆಯಿಂದ ಹುಡುಕಿದರು. ಅವರ ಕಥೆಯಲ್ಲಿ ಚಾಕಲೇಟು ಇತ್ತು. ಇಲ್ಲಿಯ ಮನೆಗಳಿಗೆ ಒಪ್ಪುವಂತೆ ಬೆಲ್ಲವೆಂದು ಇಟ್ಟುಕೊಳ್ಳೋಣ. ಹುಡುಗನೊಬ್ಬನು ಬೆಲ್ಲದ ಹೆಂಟೆಯನ್ನು ಗೋಡೆಯ ಮಾಡದಲ್ಲಿಟ್ಟು ಆಡಲು ಹೋದನು. ಅವನಿಲ್ಲದಾಗ ಅವ್ವ ಅದನ್ನು ತೆಗೆದು ಗಡಿಗೆಯಲ್ಲಿಟ್ಟಳು. ಹುಡುಗನು ತಿರುಗಿ ಬಂದು ಬೆಲ್ಲವನ್ನು ಎಲ್ಲಿ ಹುಡುಕುವನು? ದೊಡ್ಡವರಿಗೆ ಇದು ಪ್ರಶ್ನೆಯೇ ಅಲ್ಲ. ಆದರೆ ಮೂರರಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲಿ ಒಬ್ಬರೂ ಎರಡೆರಡು ಕಥೆಗಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ನಾಲ್ಕರಿಂದ ಆರರವರೆಗಿನವರಲ್ಲಿ ನೂರಕ್ಕೆ 57, ಆರರಿಂದ ಒಂಬತ್ತರವರೆಗಿನವರಲ್ಲಿ ನೂರಕ್ಕೆ 86 ಮಕ್ಕಳು ಸರಿಯಾಗಿ ಹೇಳಿದರು. ಮೂರು ವರ್ಷದ ಕೂಸು "ಗಡಿಗ್ಯಾಗ" ಎನ್ನುತ್ತದೆ. ಬೆಲ್ಲವು ಇರುವದು ಅಲ್ಲಿಯೇ ಅಲ್ಲವೇ? ತನಗೆ ಗೊತ್ತಿದ್ದದ್ದು ಜಗತ್ತಿಗೆಲ್ಲ ಗೊತ್ತೆಂದು ಅದರ ಭಾವನೆ. ಕೆನಡಾ, ಪೆರು, ಸಮೋವಾ, ಥಾಯ್ಲೆಂಡ್, ಭಾರತ ಈ ಐದು ದೇಶಗಳ ಮಕ್ಕಳಲ್ಲಿ ಇಂಥದೇ ಬಚ್ಚಿಡುವ ಆಟವನ್ನಾಡಿಸಿ 2005ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಬಹುಮಟ್ಟಿಗೆ ಇದೇ ಫಲ ಕಂಡಿತು. ಐದನೆಯ ವರ್ಷಕ್ಕೆ ಹೆಚ್ಚಿನ ಮಕ್ಕಳು ಈ ಹೊಸ್ತಿಲನ್ನು ದಾಟಿದ್ದರು.

ಇಲ್ಲೊಂದು ತೊಡಕುಂಟು. ನಟಿಸುವ ಆಟವು ಒಂದೂವರೆ ಎರಡು ವರ್ಷಕ್ಕೇ ಬರುವದು. ಪರರ ತಪ್ಪು ತಿಳಿವನ್ನು ಬಲ್ಲ ಶಕ್ತಿಯು ನಾಲ್ಕಕ್ಕೆ. ನಡುವೆ ಎರಡು ವರ್ಷದ ಅಂತರವಿದೆ. ಹಾಗಾದರೆ ಮೊದಲನೆಯದು ಎರಡನೆಯದಕ್ಕೆ ಬೀಜವೆನ್ನಬಹುದೇ? ಅಮೆರಿಕದ ಏಂಜಲೀನ್ ಲಿಲಾರ್ಡ್ ಎಂಬ ವಿದುಷಿಯು 1993ರಲ್ಲಿ ಇದನ್ನು ಜಾಣತನದಿಂದ ಪರೀಕ್ಷಿಸಿದಳು. ಮೋ ಎಂಬ ಗೊಂಬೆಯನ್ನು ಮಕ್ಕಳಿಗೆ ತೋರಿಸಿ, ಇವನು ದೂರದ ನಾಡಿನವನು, ಮೊಲವೆಂಬದನ್ನು ಕಂಡವನೂ ಅಲ್ಲ ಕೇಳಿದವನೂ ಅಲ್ಲ, ಆದರೆ ಈಗ ಮೊಲದ ಹಾಗೆಯೇ ಜಿಗಿಯುತ್ತಿದ್ದಾನೆ ಎಂದು ಹೇಳಿ, "ಇವನು ಮೊಲವಾಗಿ ನಟಿಸುತ್ತಿದ್ದಾನೆಯೇ?" ಎಂದು ಕೇಳಿದಳು. ನಾಲ್ಕು ವರ್ಷದವರಲ್ಲಿ ಹೆಚ್ಚಿನವರೂ, ಐದು ವರ್ಷದವರಲ್ಲಿ ಅನೇಕರೂ "ಹೌದು" ಎಂದರು. ಮೊಲವನ್ನೇ ಅರಿಯದವನು ಮೊಲವಾಗಿ ನಟಿಸುವದು ಹೇಗೆಂಬ ಶಂಕೆ ಅವರಿಗೆ ಬರಲಿಲ್ಲ. ಅಂದರೆ ನಟನೆಯೆಂಬದು ಮನಸ್ಸಿನೊಳಗಿನ ಕಾರ್ಯವೆಂದು ಅರಿಯುವದಕ್ಕಿಂತ ಬಹಳ ಮೊದಲೇ ಮಕ್ಕಳು ನಟಿಸುತ್ತಾರೆ. ಇದೇ ವಿದುಷಿಯು ಸಂಗಡಿಗರೊಡನೆ 2013ರಲ್ಲಿ ಅದುವರೆಗಿನ ಶೋಧಗಳನ್ನೆಲ್ಲ ಒರೆಗೆ ಹಚ್ಚಿ, ಇಂಥ ಆಟದಿಂದಲೇ ಬುದ್ಧಿಯೂ ಪರಚಿತ್ತಜ್ಞಾನವೂ ಬೆಳೆಯುವವೆಂದು ಸಾಧಿಸುವಷ್ಟು ಪ್ರಮಾಣವು ಒದಗಿಲ್ಲವೆಂದು ಬರೆದಳು. ಆದುದರಿಂದ, ಆಡಿದರೆ ಜಾಣರಾಗುವರೆಂದು ಆಟವನ್ನು ಔಷಧದಂತೆ ಅಳೆದು ಕುಡಿಸುವವರ ಮಾತಿಗೆ ಮರುಳಾಗತಕ್ಕದ್ದಲ್ಲ. ಧೂಮವಿದ್ದಲ್ಲಿ ಅಗ್ನಿಯುಂಟೆಂಬದು ವ್ಯಾಪ್ತಿಯು. ಎರಡು ವಸ್ತುಗಳು ಜೊತೆಯಲ್ಲಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗದು.

ಆದರೆ ಒಬ್ಬಂಟಿಯಾಗಿ ಕಟ್ಟಿಗೆಯನ್ನು ಕುದುರೆ ಮಾಡುವದು ಬೇರೆ, ನಾಲ್ವರು ಕೂಡಿ ಮನೆಯಾಟ ಆಡುವದು ಬೇರೆ. ಎರಡನೆಯದರ ವಿಷಯದಲ್ಲಿ ಹೆಚ್ಚು ಧೈರ್ಯದಿಂದ ಮಾತಾಡಬಹುದು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿ ಕೂಡ್ರಿಸಿ, ಮಣ್ಣಿನ ಬೀಸುವಕಲ್ಲು, ಮಣ್ಣಿನ ಒಲೆ ಹೂಡಿ ಹೆಣ್ಣುಮಕ್ಕಳು ಆಡುವದನ್ನು ಒಂದು ತಾಸು ದೂರ ನಿಂತು ಕೇಳಬೇಕು. "ಯಕ್ಕಾ, ನೀ ಸೊಸಿ ಆಗು, ನಾ ಅತ್ತಿ ಆಗ್ತೀನಿ" ಎಂದು ತಂಗಿಯು ಆರಂಭಿಸುತ್ತಾಳೆ. ಮನೆಯಲ್ಲಿ ಅಕ್ಕನ ಮುಂದೆ ತುಟಿಬಿಚ್ಚದವಳು ಇಲ್ಲಿ ನಡಕ್ಕೆ ಕೈಯಿಟ್ಟು, "ಹಾಲ ಉಕ್ಕಿದ್ದು ಕಾಣಲಿಲ್ಲೇನು ನಿನಗ?" ಎಂದು ಗದರಿಸುತ್ತಾಳೆ. ಸೊಸೆಯಾದವಳು ಬಿದ್ದುಹೋದ ರೊಟ್ಟಿಯನ್ನು ಹಿಂದೆ ಅಡಗಿಸಿ, "ಎಲ್ಲಾ ಆಗೇದ ಅತ್ತಿ" ಎನ್ನುತ್ತಾಳೆ. ರೊಟ್ಟಿ ಎಲ್ಲಿದೆಯೆಂದು ಆಡುವ ಹುಡುಗಿಗೆ ಗೊತ್ತಿದೆ. ಅವಳು ಹೊತ್ತ ಅತ್ತೆಯ ವೇಷಕ್ಕೆ ಗೊತ್ತಿಲ್ಲ. ಬಲ್ಲದ್ದನ್ನು ಬಲ್ಲದವಳಂತೆ ಹುಡುಕಬೇಕು, ಸಿಟ್ಟಾಗಬೇಕು. ಮಾಡದಲ್ಲಿಟ್ಟ ಬೆಲ್ಲದ ಕಥೆಯಲ್ಲಿ ಪಂಡಿತರು ಕೇಳಿದ ಪ್ರಶ್ನೆಯು ಇಲ್ಲಿ ಯಾರೂ ಕೇಳದೆ ಹತ್ತಾರು ಸಲ ಬಿಡಿಸಲ್ಪಡುತ್ತದೆ. ರಶಿಯಾದ ವೈಗಾಟ್ಸ್ಕಿಯು 1933ರ ಉಪನ್ಯಾಸದಲ್ಲಿ, ನಿಜವಾದ ಅಕ್ಕತಂಗಿಯರಿಬ್ಬರು "ಅಕ್ಕತಂಗಿಯರಾಗಿ ಆಡೋಣ" ಎಂದು ಆಡಿದ ಪ್ರಸಂಗವನ್ನು ವಿವೇಚಿಸಿದನು. ದಿನಾಲು ಸಹಜವಾಗಿ ಅಕ್ಕತಂಗಿಯರಾಗಿದ್ದವರು ಆಟದಲ್ಲಿ ಮಾತ್ರ ಅಕ್ಕನೆಂದರೆ ಹೇಗಿರಬೇಕು, ತಂಗಿಯೆಂದರೆ ಹೇಗಿರಬೇಕೆಂಬ ನಿಯಮವನ್ನು ಗಮನಿಸಿ ನಡೆದರೆಂಬದು ಅವನ ಅಭಿಪ್ರಾಯವು. ಒಡಹುಟ್ಟಿದವರು ಹೆಚ್ಚಿರುವ ಮನೆಯ ಮಕ್ಕಳು ಪರರ ತಪ್ಪು ತಿಳಿವನ್ನು ಬೇಗನೆ ಅರಿಯುವರೆಂದು ಪೆರ್ನರ್ ಮತ್ತು ಸಂಗಡಿಗರು 1994ರಲ್ಲಿ ತೋರಿಸಿದ್ದೂ ಇದಕ್ಕೆ ಒತ್ತಾಸೆಯಾಗಿದೆ.

ಭಕ್ತರ ಮನೆಗಳಲ್ಲಿ ಇದಕ್ಕೆ ಇನ್ನೊಂದು ಪಾಠಶಾಲೆಯುಂಟು, ಅದು ಪುರಾಣಶ್ರವಣ. ಹರಿಹರನು ರಗಳೆಯಾಗಿ ಹಾಡಿದ ಕೋಳೂರು ಕೊಡಗೂಸಿನ ಕಥೆಯನ್ನು ಅರಿಯದವರು ಈ ಸಭೆಯಲ್ಲಿ ಇರಲಾರರು. ತಂದೆಯು ಪರಊರಿಗೆ ಹೋಗುವಾಗ ಶಿವನಿಗೆ ಹಾಲಿನ ನೈವೇದ್ಯವನ್ನು ಮಗಳಿಗೆ ಒಪ್ಪಿಸಿದನು. ಶಿವನು ದಿನಾಲು ಕುಡಿಯುತ್ತಿದ್ದನೆಂದೇ ಆ ಮುಗ್ಧೆಯು ನಂಬಿದ್ದಳು. ಅವನು ಕುಡಿಯದಿರಲು ಅಂಜಿದಳು, ಅತ್ತಳು, ತಲೆಯನ್ನೊಡೆದುಕೊಳ್ಳಲು ಸಿದ್ಧಳಾದಳು, ಶಿವನು ಕುಡಿದನು. ತಂದೆ ಬಂದವನು ಬರಿದಾದ ಬಟ್ಟಲನ್ನು ಕಂಡು ಮಗಳು ಹುಸಿನುಡಿಯುತ್ತಿದ್ದಾಳೆಂದು ಗದರಿಸಿದನು. ಇಲ್ಲಿ ಭಕ್ತಿಯ ವಿಚಾರವನ್ನು ಬದಿಗಿಟ್ಟು, ಕೇಳುವ ಕೂಸಿನ ಕಡೆಗೆ ಮಾತ್ರ ನೋಡುವದು. ಕೊಡಗೂಸು ಆಟವನ್ನೂ ಆಡಲಿಲ್ಲ, ಸುಳ್ಳನ್ನೂ ಹೇಳಲಿಲ್ಲ, ಕಂಡದ್ದನ್ನೇ ಹೇಳಿದಳು. ತಂದೆಯೂ ಕೆಟ್ಟವನಲ್ಲ, ಅವನು ಕಾಣಲಿಲ್ಲ. ಇವರಿಬ್ಬರ ತಿಳಿವನ್ನೂ ಬೇರೆಬೇರೆಯಾಗಿ ಹಿಡಿದಿಡಬಲ್ಲ ಕೂಸಿಗೆ ಮಾತ್ರ ಆ ಘಳಿಗೆಯಲ್ಲಿ ಕಣ್ಣು ತುಂಬುವವು. ಅದಕ್ಕಿಂತ ಚಿಕ್ಕದು, "ಹಾಲು ಶಿವಾನ ಕುಡದಾನಲ್ಲ, ಅಪ್ಪ ಯಾಕ ಬೈತಾನ?" ಎಂದು ಬೆರಗಾಗಿ ಕೇಳೀತು. ಅಂಥ ಪ್ರಶ್ನೆ ಬಂದಾಗ "ಸುಮ್ಮನಿರು" ಎನ್ನದೆ, ಅಪ್ಪನು ಅಲ್ಲಿರಲಿಲ್ಲವೆಂದು ಬಿಡಿಸಿ ಹೇಳುವ ಅಜ್ಜಿಯು ಎಷ್ಟು ದೊಡ್ಡ ಕೆಲಸ ಮಾಡುತ್ತಾಳೆಂಬದನ್ನು ಅವಳೂ ಅರಿಯಳು.

ಹುಸಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾಗದು. ಶರಣರು ಹುಸಿಯನ್ನು ಕಡುವಾಗಿ ನಿಷೇಧಿಸಿದರು. ಆ ನಿಷ್ಠೆಯಲ್ಲಿಯೇ ಕೆಲವರು ಹಿರಿಯರು ಮಕ್ಕಳ ಆಟವನ್ನೂ ಹುಸಿಯೆಂದು ಬಗೆದು, "ಇಲ್ಲದ್ದನ್ನು ಇದ್ದದ್ದೆಂದು ಹೇಳಬ್ಯಾಡ" ಎಂದು ದಂಡಿಸುವದುಂಟು. ಇದು ಹುಸಿಯ ಲಕ್ಷಣವನ್ನು ತಿಳಿಯದ್ದರಿಂದಾದ ದೋಷ. ಕೇಳುವವನಲ್ಲಿ ತಪ್ಪು ತಿಳಿವನ್ನು ಹುಟ್ಟಿಸುವ ಇಚ್ಛೆಯಿಲ್ಲದೆ ಹುಸಿಯಾಗದು. ಆಟದಲ್ಲಿ ಆ ಇಚ್ಛೆಯೇ ಇಲ್ಲ, ಕೇಳುವವನೂ ಅದರ ಪಾಲುಗಾರನೇ. ಇನ್ನು ತುಟಿಗೆ ಬೆಲ್ಲ ಮೆತ್ತಿಕೊಂಡೇ "ನಾ ತಿಂದಿಲ್ಲವ್ವಾ" ಎನ್ನುವ ಮೂರು ವರ್ಷದ ಕೂಸನ್ನು ಕಳ್ಳನೆಂದು ಬಡಿಯುವದಂತೂ ವ್ಯರ್ಥ. ಅವ್ವನ ಕಣ್ಣಿಗೆ ಏನು ಕಾಣುತ್ತದೆಂಬದನ್ನೇ ಅದು ಇನ್ನೂ ಲೆಕ್ಕ ಹಾಕಲಾರದು. ಹುಸಿಯನ್ನು ಬಿಡಬೇಕಾದರೂ ಹುಸಿಯೆಂದರೇನೆಂದು ಅರಿಯುವಷ್ಟು ಪರಚಿತ್ತಜ್ಞಾನವು ಮೊದಲು ಬೇಕು. ಈಗಿನ ದಿವಸಗಳಲ್ಲಿ ಮೂರು ವರ್ಷದ ಮಕ್ಕಳನ್ನು ಎಲ್‌ಕೆಜಿಯ ಬೆಂಚಿನ ಮೇಲೆ ಕೂಡ್ರಿಸಿ ಅಕ್ಷರ ತಿದ್ದಿಸುವ ಅವಸರದಲ್ಲಿ ಮಣ್ಣಾಟಕ್ಕೆ ಹೊತ್ತೇ ಉಳಿಯದಿರುವದೂ ಶೋಚನೀಯವು. ಅಕ್ಷರವು ಆರನೆಯ ವರ್ಷಕ್ಕೂ ಬರುತ್ತದೆ. ಗುಳ್ಳವ್ವನ ಮುಂದೆ ಅತ್ತೆಯಾಗುವ ವಯಸ್ಸು ತಿರುಗಿ ಬಾರದು.

ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಗಮನ ಕೊಡತಕ್ಕದ್ದು ಆಡದ ಕೂಸಿನ ಕಡೆಗೆ. ಪ್ರತಿಯೊಂದು ಊರಿನಲ್ಲಿಯೂ ಅಂಥದೊಂದು ಕೂಸು ಇದ್ದೀತು. ಎರಡು ದಾಟಿದರೂ ಬೆರಳು ಮಾಡಿ ತೋರಿಸದು. ಹೆಸರು ಹಿಡಿದು ಕರೆದರೆ ತಿರುಗದು. ಮಣ್ಣೆತ್ತನ್ನು ಕೊಟ್ಟರೆ ಮೇಯಿಸದೆ ಅದರ ಕಾಲುಗಳನ್ನಷ್ಟೇ ಮತ್ತೆಮತ್ತೆ ಸವರುತ್ತ ಕೂಡ್ರುವದು. ಕೆಲವರು ಅದನ್ನು ಹಟಮಾರಿಯೆನ್ನುವರು, ಕೆಲವರು ಕಿವುಡೆನ್ನುವರು, ಗಾಳಿ ಸೋಂಕಿತೆಂದು ದಾರ ಕಟ್ಟಿಸುವವರೂ ಉಂಟು. ಹೆಚ್ಚಾಗಿ ಹೊರೆಯೆಲ್ಲ ಬೀಳುವದು ಹೆತ್ತವಳ ತಲೆಯ ಮೇಲೆ. ಇದು ಹಳ್ಳಿಯವರ ಅಜ್ಞಾನವೊಂದೇ ಎಂದು ತಿಳಿಯಬಾರದು. ಅಮೆರಿಕದಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವನು 1967ರ ಗ್ರಂಥದಲ್ಲಿ ತಾಯಂದಿರ ಪ್ರೀತಿಯ ಕೊರತೆಯನ್ನೇ ಇದಕ್ಕೆ ಕಾರಣ ಮಾಡಿದನು. ಆ ಮತವು ನಿರಾಧಾರವೆಂದು ಮುಂದೆ ತಳ್ಳಲ್ಪಟ್ಟಿತು. ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ ವರ್ಣಿಸಿದ ಈ ಸ್ಥಿತಿಗೆ ಆಟಿಸಂ ಎಂದು ಹೆಸರು. ಇದು ಹುಟ್ಟಿನಿಂದಲೇ ಬಂದ ಮಿದುಳಿನ ಬೆಳವಣಿಗೆಯ ಭೇದವು, ಯಾರ ಪಾಪವೂ ಅಲ್ಲ.

ಆಟಕ್ಕೂ ಪರಚಿತ್ತಜ್ಞಾನಕ್ಕೂ ನಂಟುಂಟೆಂಬ ಶಂಕೆ ಬಲವಾದದ್ದು ಈ ಮಕ್ಕಳಿಂದಲೇ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಮೇಲೆ ಹೇಳಿದ ಲೆಸ್ಲಿ, ಉಟಾ ಫ್ರಿತ್ ಈ ಮೂವರು ಲಂಡನ್ನಿನಲ್ಲಿ ಬೆಲ್ಲದ ಕಥೆಯಂಥದನ್ನೇ ಎರಡು ಗೊಂಬೆಗಳಿಂದ ಆಡಿ ತೋರಿಸಿ ಪ್ರಶ್ನೆ ಕೇಳಿದರು. ಸಾಮಾನ್ಯ ಮಕ್ಕಳು 27 ಮಂದಿಯಲ್ಲಿ 23 ಮಂದಿ, ಡೌನ್ ಲಕ್ಷಣದ 14 ಮಕ್ಕಳಲ್ಲಿ 12 ಮಂದಿ ಸರಿಯಾಗಿ ಹೇಳಿದರು. ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ತಪ್ಪಿದರು. ಬುದ್ಧಿಮಾಂದ್ಯವೇ ಕಾರಣವಾಗಿದ್ದರೆ ಡೌನ್ ಲಕ್ಷಣದ ಮಕ್ಕಳೂ ತಪ್ಪಬೇಕಾಗಿತ್ತು. ಆದರೆ ಉಳಿದ ನಾಲ್ವರು ಸರಿಯಾಗಿ ಹೇಳಿದ್ದನ್ನೂ ಮರೆಯಬಾರದು. ಎಷ್ಟೋ ಮಂದಿ ತಡವಾಗಿ, ತಮ್ಮದೇ ದಾರಿಯಿಂದ ಇದನ್ನು ಕಲಿಯುತ್ತಾರೆ. ಅವರಿಗೆ ಪ್ರೀತಿಯಿಲ್ಲವೆಂಬದಂತೂ ಕ್ರೂರವಾದ ಅಪವಾದ. ಅವ್ವನ ಮನಸ್ಸಿನಲ್ಲಿ ಏನಿದೆಯೆಂದು ಊಹಿಸಲಾರದ ಕೂಸಿಗೆ ಅವ್ವ ಬೇಡವೆಂದಾಗದು. ತಾನೂ ಆಟಿಸಂ ಉಳ್ಳವನಾದ ಇಂಗ್ಲೆಂಡಿನ ಡೇಮಿಯನ್ ಮಿಲ್ಟನ್ 2012ರಲ್ಲಿ ಎತ್ತಿದ ಆಕ್ಷೇಪವು ಇಲ್ಲಿ ಚಿಂತನೀಯವಾದದ್ದು: ಇವರು ಪರರ ಮನಸ್ಸನ್ನು ಅರಿಯರೆಂದು ದೂರುವ ಪರರು ಇವರ ಮನಸ್ಸನ್ನು ಎಷ್ಟು ಅರಿತಿದ್ದಾರೆ? ಎತ್ತಿನ ಕಾಲನ್ನೇ ಸವರುವ ಕೂಸು ಅದರಲ್ಲಿ ಏನನ್ನು ಕಾಣುತ್ತದೆಂದು ಕೇಳಿದವರು ಯಾರು?

1992ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಒಂದು ಪರೀಕ್ಷಾಪಟ್ಟಿಯು ಹದಿನೆಂಟು ತಿಂಗಳ ಕೂಸಿನಲ್ಲಿ ಮುಖ್ಯವಾಗಿ ನೋಡುವದು ಇಲ್ಲದ ಚಹ ಕುಡಿಸುವಂಥ ಆಟವನ್ನಾಡುತ್ತದೆಯೇ, ಬೆರಳು ಮಾಡಿ ತೋರಿಸುತ್ತದೆಯೇ, ತೋರಿಸಿದ ಕಡೆಗೆ ನೋಡುತ್ತದೆಯೇ ಎಂಬವನ್ನು. ಇದಕ್ಕೆ ಯಂತ್ರ ಬೇಡ, ಸೂಜಿ ಬೇಡ. ಕಣ್ಣಿದ್ದ ಅಜ್ಜಿ ಸಾಕು. ಸಂಶಯ ಬಂದರೆ ಅಂಗನವಾಡಿಯಲ್ಲಿ ಹೇಳತಕ್ಕದ್ದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಮಕ್ಕಳನ್ನು ಅಲ್ಲಿಯೇ ಪರೀಕ್ಷಿಸಿ ಮುಂದಿನ ಆಸ್ಪತ್ರೆಗೆ ಕಳಿಸುವ ಏರ್ಪಾಡುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆಯಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇಂಥ ಮಕ್ಕಳನ್ನು ನೋಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆಟಿಸಂ ಸ್ಥಿತಿಯನ್ನು 21 ವಿಧಗಳಲ್ಲೊಂದಾಗಿ ಎಣಿಸಿರುವದರಿಂದ ಶಾಲೆಯಲ್ಲಿ ಸೇರಿಸಿಕೊಳ್ಳಲು ಕೂಸಿಗೆ ಹಕ್ಕುಂಟು. ದೇವಣಗಾಂವದಂಥ ಊರಿನಿಂದ ಮೈಸೂರು ಬೆಂಗಳೂರುಗಳು ದೂರವೆಂಬದು ನಿಜ. ಕೂಲಿ ಬಿಟ್ಟು ಹೋಗಲು ಬಡವರಿಗೆ ಕಷ್ಟವೆಂಬದೂ ನಿಜ. ಅಂಥ ಮನೆಯವರಿಗೆ ದಾರಿಯ ಖರ್ಚನ್ನು ಕೂಡಿಸಿಕೊಡಲು, ಜೊತೆಗೊಬ್ಬ ತಿಳಿದವರನ್ನು ಕಳಿಸಲು ಊರಿನವರಿಂದ ಆಗದ್ದಲ್ಲ. ಮೂರು ವರ್ಷದೊಳಗೆ ಹೋದಷ್ಟೂ ಲೇಸು. ಐದಾದ ಮೇಲೆ ಹೋದರೂ ವ್ಯರ್ಥವೇನಲ್ಲ.